ಗಿಳಿಯೂ ಅರ್ಜಿ ಹಾಕಿತು

ಹಿಂದಿನ ಸಾಲಿನ ತಮ್ಮಂದಿರೇ, ತಂಗಿಯರೇ, ಮೊಬೈಲಿನಲ್ಲಿ ಏನೋ ಒತ್ತುತ್ತಾ ಇದ್ದೀರಿ. ಗೊತ್ತು ಬಿಡಿ. ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಅರ್ಜಿ. ಹಾಕಿ, ಹಾಕಿ. ಕೈ ಅಲ್ಲಿರಲಿ, ಕಿವಿ ಮಾತ್ರ ಇಲ್ಲಿರಲಿ.

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಎಂಥಾ ಸಾಹುಕಾರ ಅಂದರೆ, ಅವನ ಜೋಳದ ಹೊಲದ ಈ ತುದಿಯಲ್ಲಿ ಸೀನಿದರೆ ಆ ತುದಿಯವರಿಗೆ ಮಾರನೇ ದಿನ ಕೇಳಿಸೋದು. ತೆನೆ ಹಾಲುಗಟ್ಟಿತು, ಗಿಳಿಗಳು ಇಳಿದವು. ಸಾಹುಕಾರ ಕಾವಲಿಗೆ ಆಳು ಇಟ್ಟ. ನೋಡಿ, ಗಿಳಿ ತಿಂದದ್ದು ಕಡಿಮೆ, ಆಳು ಎಳೆ ತೆನೆ ಸುಟ್ಟು ಸೀತನಿ ಮಾಡಿಕೊಂಡು ತಿಂದದ್ದೇ ಹೆಚ್ಚು. ಅವನನ್ನು ಬಿಡಿಸಿ ಇನ್ನೊಬ್ಬನನ್ನು ಇಟ್ಟ. ಅವನು ನೆಂಟರನ್ನೂ ಕರೆಸಿಕೊಂಡ!

ಸಾಹುಕಾರ ಡಂಗುರ ಹೊಡೆಸಿದ: "ಹೊಲಾ ಕಾಯಾಕ ಆಳು ಬೇಕಾಗೇತಿ. ಆದ್ರ ಹೊಲದಾಗ ಕಾಲಿಡಂಗಿಲ್ಲ. ನಿಮ್ಮ ನಿಮ್ಮ ಮನ್ಯಾಗ ಕುಂತು ಕಾಯಬೇಕು!"

ಮನೆಯಲ್ಲಿ ಕೂತು ಸಂಬಳ! ಯಾರಿಗೆ ಬೇಡ? ನಿಮಗೆ ಬೇಡವಾ? ಸುತ್ತಲ ಊರಿನವರೆಲ್ಲ ಬಂದರು. ಎಲ್ಲಿಗೆ ಬಂದರು? ಸೀದಾ ಹೊಲಕ್ಕೇ ಬಂದರು! ಕಾಲಿಡಬೇಡಿ ಅಂದ ಹೊಲದಲ್ಲೇ ಪಾಳಿ ಹಚ್ಚಿ ಸಾಲಾಗಿ ನಿಂತರು. ಪಾಳಿಯ ಬಾಲದಲ್ಲಿದ್ದವರು ಪ್ರಸಾದ ಕೊಡ್ತಾರೆ ಅಂತ ತಟ್ಟೆ ಹಿಡಿದು ನಿಂತಿದ್ದರು.

ಮುಂದಿನವನು ಹೇಳಿದ್ದನ್ನೇ ಹಿಂದಿನವನೂ ಹೇಳಿದ: "ನಾನು ಪ್ರಾಮಾಣಿಕ, ನಾನು ಶ್ರಮಜೀವಿ, ಒಂದು ಅವಕಾಶ ಕೊಡಿ." ಅವನ ಹಿಂದಿನವನೂ ಅದನ್ನೇ. ಮಧ್ಯಾಹ್ನದ ಹೊತ್ತಿಗೆ ತೆನೆಯ ಮೇಲೆ ಕೂತ ಗಿಳಿಯೊಂದು ಬಾಯಲ್ಲಿದ್ದ ಕಾಳು ನುಂಗಿ ಹೇಳಿತು: "ನಾನು ಪ್ರಾಮಾಣಿಕ, ನಾನು ಶ್ರಮಜೀವಿ, ಒಂದು ಅವಕಾಶ ಕೊಡಿ."

ಇವರ ಮಾತು ಕೇಳುತ್ತಾ ಬದುವಿನ ಮೇಲೆ ತೂಕಡಿಸುತ್ತಿದ್ದ ಸಾಹುಕಾರ ಕಣ್ಣು ಬಿಡದೆ ಅಂದ: "ಇವನ ದನಿ ಚೊಲೋ ಐತಿ. ಇವನ್ನ ಇಟ್ಕೊಳ್ರಿ."

ಸುಳ್ಳು ಅಂತೀರಾ? ಗಿಳಿಯನ್ನೇ ಕೇಳಿ.

ಹೊಲದ ಆಚೆ ಹಳ್ಳ. ಹಳ್ಳದ ಆಚೆ ದಂಡೆಗೆ ಒಬ್ಬ ಹೆಣ್ಣುಮಗಳ ಮನೆ. ಒಳಗೆ ಹಾಸಿಗೆ ಹಿಡಿದ ಅತ್ತೆ, ತೊಟ್ಟಿಲಲ್ಲಿ ಕೂಸು. ಮನೆ ಬಿಟ್ಟು ಹೋಗುವ ಹಾಗಿಲ್ಲ, ಹೋಗದಿದ್ದರೆ ಒಲೆ ಹೊತ್ತುವುದಿಲ್ಲ. ಇದೊಂದು ಕೆಲಸ ಕೈತಪ್ಪಿದರೆ ಅವಳಿಗೆ ಬೇರೆ ಕೆಲಸವೇ ಇಲ್ಲ. ಅವಳು ಅಂಗಳದಲ್ಲಿ ನಿಂತು ನೋಡಿದಳು. ಗಿಳಿಗಳು ಮೊದಲು ಹೊಲದಂಚಿನ ಹುಣಸೆ ಮರಕ್ಕೆ ಬಂದು, ಅಲ್ಲಿಂದ ಹೊಲಕ್ಕೆ ಇಳಿಯುತ್ತಿದ್ದವು.

ಪಾಳಿಯವರು ಕೂಗಿದರು: "ಏ ತಂಗಿ, ಪಾಳಿಗೆ ಬಾ! ಅಲ್ಲಿ ನಿಂತ್ರ ಕೆಲಸ ಸಿಗತೈತೇನು?"

"ಮನ್ಯಾಗ ಕುಂತು ಮಾಡೋ ಕೆಲಸಾ ಕೇಳಾಕ ಮನಿ ಬಿಟ್ಟು ಯಾಕ ಬರ್ಲಿ? ತೊಟ್ಟಲಾ ನೀ ತೂಗ್ತಿಯೇನೋ ಅಣ್ಣಾ?" ಅಂದವಳೇ ಕವಣೆ ಬೀಸಿದಳು. ಕಲ್ಲು ಹಳ್ಳ ದಾಟಿ ಹುಣಸೆ ಮರಕ್ಕೆ ಬಡಿಯಿತು. ಮರದಲ್ಲಿದ್ದವು, ಹೊಲದಲ್ಲಿದ್ದವು, ಎಲ್ಲಾ ಗಿಳಿ ಎದ್ದವು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಗಿಳಿಯೂ ಸಂಬಳ ಕೇಳದೆ ಹಾರಿತು.

ಸಾಹುಕಾರನಿಗೆ ಪೂರ್ತಿ ಎಚ್ಚರವಾಯಿತು. "ಯವ್ವಾ, ನೀ ನನ್ನ ಕಣ್ಣಿಗೆ ಕಾಣಂಗಿಲ್ಲ. ನಿದ್ದಿ ಹೊಡದ್ರ ನನಗ ಹೆಂಗ ತಿಳೀಬೇಕು?"

"ಆಗಾಗ ಕೂ ಅಂತೀನ್ರಿ ಸಾಹುಕಾರ್ರ. ದನಿ ಬರಲಿಲ್ಲಂದ್ರ ಪಗಾರ ಕಡೀರಿ."

ಆ ಸಂಜೆ ಒಂದು ಚೀಲ ಜೋಳ ಹಳ್ಳ ದಾಟಿತು. ಅವಳ ಒಲೆ ಹೊತ್ತಿತು.

ಈಗ ನಿಮ್ಮ ಸರದಿ, ಮೊಬೈಲ್ ಕೆಳಗಿಡಿ. ಒಂದೇ ಅರ್ಜಿಯನ್ನು ಊರಿನ ಕಂಪನಿಗಳಿಗೆಲ್ಲ ಎಸೆದು, ಯಾರೂ ಕರೆಯಲಿಲ್ಲ ಅಂತ ದೇವರನ್ನು ಬೈಯುತ್ತೀರಲ್ಲ, ದೇವರೇನು ಅರ್ಜಿ ಓದುತ್ತಾನಾ? ನಾಳೆಯಿಂದ ಒಂದೇ ಹೊಲ ಆರಿಸಿಕೊಳ್ಳಿ. ಅಲ್ಲಿ ಯಾವ ಗಿಳಿ ತಿನ್ನುತ್ತಿದೆ ನೋಡಿ. ಕೂತಲ್ಲಿಂದಲೇ ಒಂದು ಕಲ್ಲು ಬೀಸಿ ತೋರಿಸಿ, ಆಮೇಲೆ ಕೆಲಸ ಕೇಳಿ. ಕೆಲಸ ಸಿಕ್ಕ ಮೇಲೆ ಆಗಾಗ ಕೂ ಅನ್ನಿ. ಕಣ್ಣಿಗೆ ಕಾಣದವರು ಕಿವಿಗಾದರೂ ಸಿಗಬೇಕು.

ಇನ್ನು ನೀವು ಬರೆದಿಟ್ಟ ಅರ್ಜಿ. ಮನೆಗೆ ಹೋಗಿ ಅದನ್ನು ಗಟ್ಟಿಯಾಗಿ ಓದಿ. ಹಿತ್ತಲ ಮರದಿಂದ ಯಾವುದಾದರೂ ಗಿಳಿ ಅದನ್ನೇ ತಿರುಗಿ ಹೇಳಿತೋ, ಅಳಿಸಿ ಹಾಕಿ. ಆ ಅರ್ಜಿಯನ್ನು ಗಿಳಿ ಆಗಲೇ ಹಾಕಿದೆ.