ಹವಳದ ತೊಟ್ಟಿಗೆ ಕಲ್ಲುಪುಡಿ

“ಸಮುದ್ರದ ಮರಳಿಗೆ ಅಂಗಡಿಯವ್ರು ಆರು ಸಾವಿರ ಅಂದ್ರು. ನಿಮ್ಮಣ್ಣನ ಕಲ್ಲುಪುಡಿ ಪುಕ್ಕಟೆ ಸಿಕ್ತು, ಶ್ವೇತ.”

ಮಾಲೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾದಿದ್ದ ವೆಂಕಟರತ್ನಮ್ಮ ಕಿವಿಗೊಟ್ಟಳು. ಮಾತಾಡಿದವನು ಪಕ್ಕದ ಬೆಂಚಿನಲ್ಲಿದ್ದ; ಅವನ ಹೆಂಡತಿ ಮನೆಯಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದಳು.

“ನಮ್ಮಣ್ಣ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತಿದ ಪುಡೀನ ಹವಳ ಸಾಕೋ ತೊಟ್ಟಿಗೆ ಸುರೀತಾರೇನ್ರೀ?”

“ಆರಿಂಚು ಮರಳಿದ್ರೆ ನೀರು ಚೊಕ್ಕಟವಾಗಿರ್ತದೆ ಅಂದ್ರು. ನಿನ್ನೆ ಚೆನ್ನಾಗಿ ತೊಳೆದೇ ಹಾಕ್ದೆ ಕಣೇ.”

“ಉಳಿ ಸವೆದ ಕಬ್ಬಿಣ ತೊಳೆದ್ರೆ ಹೋಗ್ತದಾ? ಮ್ಯಾಗ್ನೆಟ್ ಹಿಡಿದೆ, ಗಡ್ಡ ಬಂದಂಗೆ ಅಂಟ್ಕೊಂತು!”

“ಮೀನು?”

“ಬಕೆಟ್ಟಲ್ಲಿ ಎತ್ತಿಟ್ಟಿದ್ದ ಹಳೇ ಉಪ್ಪುನೀರಲ್ಲಿ ಬಿಟ್ಟಿದೀನಿ, ಬದುಕಿವೆ. ಹವಳ ಅರ್ಧ ಬೆಳ್ಳಗಾಗಿ ಸತ್ತೋಯ್ತು.”

“ಸಂಜೆ ಬಂದು ಮಿಕ್ಕಿದ ಹವಳ ಹೊರಗೆ ತೆಗೀತೀನಿ.”

“ಸಂಜೆಗೆ ಅದೂ ಇರಲ್ಲ. ಹವಳ ಅಂಟಿರೋ ಬಂಡೆ ಎತ್ತೋಕೆ ನನ್ನ ಕೈಲಾಗಲ್ಲ, ನಡೀರಿ.”

ಅವನು ಕೆಲಸಕ್ಕೆ ಹೋಗಬೇಕಿದ್ದ ರೈಲು ಬಂತು. ಅವನು ಅದನ್ನೊಮ್ಮೆ ನೋಡಿ ಹೆಂಡತಿಯ ಹಿಂದೆ ಓಡಿದ. ಅವತ್ತಿನ ಕೆಲಸ ತಪ್ಪಿತು, ಐದು ವರ್ಷ ಬೆಳೆಸಿದ ಹವಳದಲ್ಲಿ ಅರ್ಧ ಹೋಯಿತು.