ಸೋತವರು ಹೇಳುವ ಫಲಿತಾಂಶ

ಅಧ್ಯಕ್ಷತೆ ವಹಿಸಿರುವ ಹಾರಿತ್ ಮೇಷ್ಟ್ರೇ, ಲಾಮುವಿನಿಂದ ಬೆಳಗಿನ ದೋಣಿಯಲ್ಲಿ ಅರ್ಧ ನೆನೆದೇ ಬಂದಿಳಿದ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳೇ, ನಲವತ್ತೊಂದು ವರ್ಷ ಹಾಯಿದೋಣಿಯ ಚುಕ್ಕಾಣಿ ಹಿಡಿದು ಇಂದು ಅದನ್ನು ಕೆಳಗಿಡುತ್ತಿರುವ ನಮ್ಮ ಸನ್ಮಾನಿತರಾದ ನಹೋದಾ ಶೀ ಕೊಂಬೋ ಅವರೇ, ಮುಂದಿನ ಸಾಲಿನಲ್ಲಿ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುವ ನನ್ನ ಅತ್ತೆ ಬಿ ತಿಮೆಯವರೇ, ಕುರ್ಚಿ ಖಾಲಿಯಿದ್ದರೂ ಹಿಂದಿನ ಬಾಗಿಲಿಗೆ ಒರಗಿ ನಿಂತೇ ಇರುವ ನಾವಿಕರೇ, ಕಿಜಿಟೋನಿಯ ಸಮಸ್ತ ಸಭಿಕರೇ, ನಿಮಗೆಲ್ಲ ನನ್ನ ಸಲಾಂ.

ಮೊದಲಿಗೆ ಒಂದು ವಿನಂತಿ. ಮಗು ಈಗಷ್ಟೇ ಮಲಗಿದೆ. ಹುಟ್ಟಿದ ಎಂಟು ತಿಂಗಳಲ್ಲಿ ಇದು ಇಷ್ಟು ನೆಮ್ಮದಿಯಿಂದ ಮಲಗಿದ್ದನ್ನು ನಾನು ನೋಡಿಲ್ಲ. ಆದ್ದರಿಂದ ನನ್ನ ಮಾತು ಹಿಡಿಸಿದರೂ ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಹಿಡಿಸದಿದ್ದರೆ ಕೂಗುವುದೂ ಬೇಡ. ನಾನೂ ಮೆಲ್ಲಗೇ ಮಾತಾಡುತ್ತೇನೆ. ನಡುವೆ ಎಲ್ಲಾದರೂ ನಿಂತು ಆ ಕಡೆ ನೋಡಿದರೆ ಮಾತು ಮರೆತಿದ್ದೇನೆ ಎಂದುಕೊಳ್ಳಬೇಡಿ. ಅದು ಉಸಿರಾಡುತ್ತಿದೆಯೇ ಎಂದು ನೋಡುತ್ತಿರುತ್ತೇನೆ, ಅಷ್ಟೇ.

ನಹೋದಾ ಅವರ ಬಗ್ಗೆ ಮಾತಾಡಲು ನಾನು ಯಾರು? ಮೊಂಬಾಸಾದಿಂದ ಬಂದ ಸೊಸೆ, ಈಜು ಬಾರದವಳು, ದೋಣಿ ಹತ್ತಿದರೆ ಇಳಿಯುವ ತನಕ ಕಣ್ಣು ಮುಚ್ಚಿಕೊಳ್ಳುವವಳು. ಮೇಷ್ಟ್ರನ್ನು ಇದೇ ಕೇಳಿದೆ. ಅವರೆಂದರು: "ನಮ್ಮ ಹಾಯಿ ಪಂದ್ಯದ ಬಗ್ಗೆ ಕಾಗದದ ಮೇಲೆ ಬರೆದವಳು ಈ ಊರಲ್ಲಿ ನೀನೊಬ್ಬಳೇ ಎಷಾ. ಏನು ಬರೆದೆ ಅಂತ ನಮಗೂ ಗೊತ್ತಾಗ್ಲಿ."

ಸರಿ, ಹೇಳುತ್ತೇನೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಕೆಲಸ ಮಾಡುವುದು ನೈರೋಬಿಯ ಒಂದು ಬಾಜಿ ಕಂಪನಿಯಲ್ಲಿ. ಮೇಷ್ಟ್ರ ಎದುರು ಇದನ್ನು ಹೇಳಲು ನಾಚಿಕೆಯೇ. ಬಾಜಿ ಕಟ್ಟುವುದು ಹರಾಮು ಎಂದು ಕಳೆದ ತಿಂಗಳು ಮಸೀದಿಯಲ್ಲಿ ಅವರು ಹೇಳುತ್ತಿದ್ದಾಗಲೇ ಹಿಂದಿನ ಸಾಲಿನಲ್ಲಿ ಯಾರದೋ ಜೇಬಿನೊಳಗೆ ಇಂಗ್ಲೆಂಡಿನ ಚೆಂಡಾಟದ ದರ ಟಿಂಗ್ ಎಂದಿತಂತೆ. ಯಾರದೆಂದು ನಾನು ಹೇಳುವುದಿಲ್ಲ. ತಲೆ ತಗ್ಗಿಸಬೇಡ ಅತುಮಾನಿ.

ನಮ್ಮ ಕಂಪನಿಯ ಪಟ್ಟಿಯಲ್ಲಿ ಏನಿಲ್ಲ? ಚೆಂಡಾಟವಿದೆ, ಕುದುರೆಯಿದೆ, ಹಿಮದ ಮೇಲೆ ಜಾರುವವರಿದ್ದಾರೆ, ನಾವು ಹೆಸರೇ ಕೇಳದ ದೇಶದ ಚುನಾವಣೆಯಿದೆ. ಎಲ್ಲಕ್ಕೂ ಒಂದಕ್ಕೆ ಎಷ್ಟು ಎಂಬ ದರವಿದೆ. ಹಾಯಿ ಪಂದ್ಯಕ್ಕೆ ಮಾತ್ರ ಇಲ್ಲ. ಬೇರೆ ಕಂಪನಿಗಳ ಪಟ್ಟಿ ಹುಡುಕಿದೆ. ಎಲ್ಲೋ ಒಂದು ಮೂಲೆಯಲ್ಲಿ, ಯಾವುದೋ ದೊಡ್ಡ ದೇಶಗಳ ಪಂದ್ಯಕ್ಕೆ, ಅದೂ ಅಪರೂಪಕ್ಕೆ. ಯಾಕೆ ಹೀಗೆ? ಮನುಷ್ಯರು ಸಾವಿರಾರು ವರ್ಷಗಳಿಂದ ಹಾಯಿ ಕಟ್ಟಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ. ಯಾಕೆ ಯಾರೂ ಅದರ ಮೇಲೆ ಅಂಗಡಿ ತೆರೆಯಲಿಲ್ಲ?

ನನ್ನ ಮೇಲಧಿಕಾರಿ ಕಾರಿಯುಕಿಗೂ ಇದೇ ಪ್ರಶ್ನೆ. ತಾಯಿಯಿಲ್ಲದ ನಾನು ಬಾಣಂತನಕ್ಕೆ ಅತ್ತೆಯ ಮನೆಗೇ ಬಂದಿದ್ದೆ. ರಜೆ ಮುಗಿಯುತ್ತ ಬಂದಾಗ ಅವನು ಫೋನಿನಲ್ಲಿ ಹೇಳಿದ: "ಯಾರೂ ಕೂತು ಲೆಕ್ಕ ಹಾಕಿಲ್ಲ, ಅಷ್ಟೇ ಕಣಮ್ಮ. ನೀನು ಅಲ್ಲೇ ಇದ್ದೀಯಲ್ಲ, ಹಾಕು. ಬಾಜಿ ಕುದುರಿದ್ರೆ ಅಲ್ಲೇ ಇದ್ಕೊಂಡು ಕೆಲಸ ಮಾಡು. ಕುದುರ್ದಿದ್ರೆ ಮಗು ಎತ್ಕೊಂಡು ನೈರೋಬಿಗೆ ಬಾ."

ನನಗೆ ನೈರೋಬಿ ಬೇಡವಾಗಿತ್ತು. ನನ್ನ ಗಂಡ ಶೆಕೂವೆ ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಬಂದು ಹನ್ನೊಂದು ದಿನ ಇದ್ದ. ಹನ್ನೆರಡನೆಯ ದಿನ ಬಸ್ ನಿಲ್ದಾಣದಲ್ಲಿ ಕೇಳಿದ: "ಇಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತೆ?" "ನನಗೇನು ಗೊತ್ತು?" ಎಂದೆ. "ಗೊತ್ತಿಲ್ದೆ ಹೇಗೆ ನೀವೆಲ್ಲ ಬೆಳಿಗ್ಗೆ ಎದ್ದು ಮನೆಯಿಂದ ಹೊರಡ್ತೀರ?" ಎಂದು ನಿಜವಾಗಿ ಗಾಬರಿಯಾದ. ಅವನು ಅಲ್ಲಿ ಬದುಕುವವನಲ್ಲ. ನಾನು ಮಗುವನ್ನಿಟ್ಟುಕೊಂಡು ಅಲ್ಲಿ ಒಬ್ಬಳೇ ಬದುಕುವವಳಲ್ಲ. ಹಾಗಾಗಿ ಸಭಿಕರೇ, ನಿಮ್ಮ ಹಾಯಿ ಪಂದ್ಯಕ್ಕೆ ಬಾಜಿ ಬರಲಿ ಎಂದು ನಾನು ಪ್ರಾರ್ಥನೆ ಮಾಡಿದ್ದೇನೆ. ಹರಾಮಾದದ್ದು ಬರಲಿ ಎಂದು ದೇವರನ್ನು ಬೇಡಿದವಳು ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು.

ಲೆಕ್ಕ ಶುರು ಮಾಡಿದೆ. ಮಗು ಮಲಗುವುದಿಲ್ಲವಲ್ಲ, ನಸುಕಿನಲ್ಲೇ ಅದನ್ನು ಹೆಗಲಿಗೆ ಹಾಕಿಕೊಂಡು ಮಾಳಿಗೆ ಹತ್ತುತ್ತಿದ್ದೆ. ಕೈಯಲ್ಲಿ ಗಾಳಿಯ ಲೆಕ್ಕ ಬರೆದಿಡುವ ಪುಸ್ತಕ. ಅಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಗಾಳಿ ಕಣ್ಣಿಗೆ ಕಾಣುತ್ತದೆ ಎಂದು ನನಗೆ ಯಾವ ಕಾಲೇಜೂ ಹೇಳಿರಲಿಲ್ಲ. ನೀರೆಲ್ಲ ಹಾಲಿನ ಹಾಗೆ ಬೆಳ್ಳಗೆ ಮಲಗಿರುತ್ತದೆ. ದೂರದಲ್ಲಿ ಒಂದು ಕಪ್ಪು ಕಲೆ ಹುಟ್ಟುತ್ತದೆ. ಅದು ನಡೆದುಕೊಂಡು ಬರುತ್ತದೆ, ನಿಲ್ಲುತ್ತದೆ, ಯೋಚಿಸುತ್ತದೆ, ಇನ್ನೊಂದು ಕಡೆಗೆ ತಿರುಗುತ್ತದೆ. ಅಲ್ಲಿ ಲಂಗರು ಹಾಕಿದ ದೋಣಿಯೊಂದು ಮೈಮುರಿದು ಏಳುತ್ತದೆ. ಪಕ್ಕದ ದೋಣಿಗೆ ಏನೂ ಗೊತ್ತಿಲ್ಲ, ಅದಿನ್ನೂ ನಿದ್ದೆಯಲ್ಲಿ. ಹತ್ತು ಮಾರು ಅಂತರ, ಒಂದೇ ಸಮುದ್ರ! ನೂರಾ ಮೂವತ್ತು ಬೆಳಗು ಬರೆದೆ. ಬರೆದಷ್ಟೂ ಲೆಕ್ಕ ಸಣ್ಣದಾಯಿತು, ಸಮುದ್ರ ದೊಡ್ಡದಾಯಿತು. ಅಳುತ್ತಿದ್ದ ಮಗು ಆ ಕಪ್ಪು ಕಲೆ ನಮ್ಮ ಮಾಳಿಗೆಗೆ ಬಂದು ಮುಖ ಸವರಿದಾಗ ಮಾತ್ರ ಬಾಯಿ ತೆರೆದು ಸುಮ್ಮನಾಗುತ್ತಿತ್ತು. ನಾನೂ ಹಾಗೆಯೇ.

ಕೊನೆಗೆ ಬಲ್ಲವರನ್ನೇ ಕೇಳೋಣ ಎಂದು ನಹೋದಾ ಅವರ ಬಳಿ ಹೋದೆ. ಅವರು ದಡದಲ್ಲಿ ಕೂತು ದೋಣಿಯ ಸಂದಿಗೆ ಹತ್ತಿ ತುರುಕುತ್ತಿದ್ದರು.

"ನಹೋದಾ, ನಾಳೆ ಗಾಳಿ ಹೇಗಿರುತ್ತೆ?"

"ನಾಳೆ ಕೇಳು ಮಗಳೇ."

"ನಾಳೆ ಕೇಳಿದ್ರೆ ದರ ಹಾಕೋದು ಯಾವಾಗ?"

"ನಾಡಿದ್ದು."

ನೀವೀಗ ನಗುತ್ತಿದ್ದೀರಿ. ಮೆಲ್ಲಗೆ ನಗಿ. ಆ ದಿನ ನನಗೆ ಅಳು ಬಂದಿತ್ತು.

ಅತುಮಾನಿ ನನ್ನ ಗಂಡನ ದೋಣಿಯಲ್ಲಿ ಹಲಗೆಯ ಆಳು. ಗಾಳಿಗೆ ದೋಣಿ ವಾಲಿದಾಗ ಹೊರಚಾಚಿದ ಹಲಗೆಯ ತುದಿಗೆ ಹೋಗಿ ನೀರಿನ ಮೇಲೆ ಕೂರುವವನು. ಚೆಂಡಾಟಕ್ಕೆ ಬಾಜಿ ಕಟ್ಟುವ ನೀನು ದರ ಬಂದರೆ ಹಾಯಿ ಪಂದ್ಯಕ್ಕೂ ಕಟ್ಟುತ್ತೀಯಲ್ಲವೇ ಎಂದು ಅವನನ್ನು ಕೇಳಿದೆ. "ಅದು ಬೇರೆ ಅತ್ತಿಗೆ," ಎಂದ. "ಅಲ್ಲಿ ಓಡಾಡೋರು ನಮ್ಮೋರಲ್ಲ. ಬಿದ್ರೆ ಯಾರೋ ಬಿದ್ರು. ನಮ್ಮ ಮೇಲೆ ನಾವೇ ಬಾಜಿ ಕಟ್ಕೊಳ್ಳೋದಾ?"

ಕಾರಿಯುಕಿಯ ತೊಂದರೆ ಬೇರೆ. ನಮ್ಮ ಪಂದ್ಯ ಕಾಂಡ್ಲ ಕಾಡಿನ ದ್ವೀಪವನ್ನು ಸುತ್ತಿ ಬರುತ್ತದೆ, ಅರ್ಧ ಗಂಟೆ ದೋಣಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಕೇಳಿ ಅವನೆಂದ: "ಹಾಗಾದ್ರೆ ಫಲಿತಾಂಶ ಕೊಡೋರು ಯಾರು? ತೀರ್ಪುಗಾರರು ಎಷ್ಟು ಜನ?"

"ತೀರ್ಪುಗಾರರಿಲ್ಲ. ಸೋತವನು ಹೇಳ್ತಾನೆ."

"ಏನಂದೆ?"

"ಸೋತ ದೋಣಿಯ ಯಜಮಾನ, ನಹೋದಾ ಅಂತಾರಲ್ಲ, ಅವನು ಮೊಣಕಾಲುದ್ದ ನೀರಲ್ಲಿ ನಿಂತು ಗೆದ್ದವನ ಹೆಸರು ಹೇಳ್ತಾನೆ. ಆಮೇಲೆ ಗೆದ್ದವನು ಬಂದು ಅವನ ಕೈಹಿಡಿದು ದಡಕ್ಕೆ ಹತ್ತಿಸ್ಕೊಳ್ತಾನೆ."

"ಸೋತವನು ಸುಳ್ಳು ಹೇಳಿದ್ರೆ?"

ಈ ಪ್ರಶ್ನೆಯನ್ನು ನಾನು ಅತ್ತೆಯ ಬಳಿ ತಂದೆ. ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. ಆಮೇಲೆ ಕೇಳಿದರು: "ಯಾಕೆ ಹೇಳ್ತಾನೆ?"

ಕಾರಿಯುಕಿ ಒಂದು ಪರೀಕ್ಷೆಯ ಪಂದ್ಯಕ್ಕೆ ಒಪ್ಪಿದ. ಯಾರೂ ಒಂದು ಶಿಲ್ಲಿಂಗ್ ಕಟ್ಟುವಂತಿಲ್ಲ. ಹಿಂದಿನ ದಿನ ನಾನು ದರ ಕಳಿಸಬೇಕು, ಮರುದಿನ ಫಲಿತಾಂಶದ ವಿಡಿಯೋ ಕಳಿಸಬೇಕು. ಲೆಕ್ಕ ಹೊಂದಿದರೆ ಬಾಜಿ ಶುರು. ಕಣದಲ್ಲಿ ಎರಡು ದೋಣಿ: ಒಂದು ನಹೋದಾ ಅವರದು, ಇನ್ನೊಂದು ನನ್ನ ಗಂಡನದು. ನನ್ನ ಪುಸ್ತಕದ ಪ್ರಕಾರ ನನ್ನ ಗಂಡನೇ ಮೊದಲು. ಪ್ರೀತಿಗೆ ಬರೆದದ್ದಲ್ಲ, ಗಾಳಿಯ ಲೆಕ್ಕ ಹಾಗಿತ್ತು.

ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ಮೂರು ದಿನದಿಂದ ಯೋಚಿಸಿದ್ದೇನೆ. ದ್ವೀಪದ ಹಿಂದೆ ಆದದ್ದನ್ನು ದಡದಲ್ಲಿ ಆಡಬಾರದು ಎಂಬುದು ನಿಮ್ಮ ಪದ್ಧತಿ. ನಾನು ಅದನ್ನು ಆಡುತ್ತಿಲ್ಲ. ಕೇಳಿಯೂ ಇಲ್ಲ. ನನ್ನ ಅಡುಗೆಮನೆಯಲ್ಲಿ ನಾನೇ ಆಡಿದ ಮಾತನ್ನು ಹೇಳುತ್ತಿದ್ದೇನೆ. ಪಂದ್ಯದ ಹಿಂದಿನ ದಿನ ಶೆಕೂವೆಗೆ ಶುಂಠಿ ಕಾಫಿ ಕೊಡುತ್ತ ಹೇಳಿದೆ: "ನನ್ನ ಲೆಕ್ಕದಲ್ಲಿ ನಿನ್ನ ದೋಣಿಯೇ ಮೊದಲು. ಲೆಕ್ಕ ನಿಜವಾದ್ರೆ ನಾನೂ ಮಗೂ ಇಲ್ಲೇ."

"ನಿಜವಾಗ್ದಿದ್ರೆ?"

"ಅದನ್ನ ನೀನೇ ನೋಡ್ಕೋ."

ಇಷ್ಟೇ ಹೇಳಿದ್ದು.

ಮರುದಿನ ಒಂದೊಂದು ದೋಣಿಗೆ ಒಂಬತ್ತು ಜನ ಹತ್ತಿ ಹೊರಟರು. ದ್ವೀಪದ ಹಿಂದೆ ಮರೆಯಾದರು. ಕಾಂಡ್ಲದ ಹಸಿರಿನ ಮೇಲೆ ಕೊನೆಗೊಮ್ಮೆ ಹಾಯಿಯ ತುದಿ ಕಂಡಾಗ ನಾನು ಫೋನು ಎತ್ತಿ ಹಿಡಿದೆ. ಸಭಿಕರೇ, ನೀವು ಹುಟ್ಟಿನಿಂದ ನೋಡಿದವರು, ನಿಮಗೆ ಅದು ದಿನದ ಮಾತು. ನನಗಾದರೋ, ಎರಡು ಬಿಳಿ ಬೆಟ್ಟಗಳು ವಾಲಿಕೊಂಡು, ನೀರನ್ನು ಹರಿದುಕೊಂಡು, ಒಂದಿಷ್ಟೂ ಸದ್ದಿಲ್ಲದೆ ನಮ್ಮ ಕಡೆಗೇ ಬರುತ್ತಿದ್ದ ಹಾಗಿತ್ತು. ಎಣ್ಣೆಯಿಲ್ಲ, ಯಂತ್ರವಿಲ್ಲ. ಕಾಣದ ಯಾವುದೋ ಒಂದು ಅಂಗೈ ಅವನ್ನು ನೂಕುತ್ತಿತ್ತು. ಮುಂದಿನ ದೋಣಿ ಶೆಕೂವೆಯದು! ನಾನು ಅದರ ಮೂತಿಯ ಮೇಲೇ ಕಣ್ಣಿಟ್ಟು ವಿಡಿಯೋ ಮಾಡುತ್ತಿದ್ದೆ. ಪಕ್ಕದಲ್ಲಿ ಅತ್ತೆ ಏನೋ ಗೊಣಗುತ್ತಿದ್ದರು.

"ಏನತ್ತೆ ಎಣಿಸ್ತಿದ್ದೀರಿ?"

"ಸುಮ್ನಿರು."

ಶೆಕೂವೆ ಎರಡು ದೋಣಿಯುದ್ದ ಮುಂದಾಗಿ ಗುರುತಿನ ಗಳ ದಾಟಿದ. ನಾನು ಕುಣಿದೆ. ಅಲ್ಲೇ ನಿಂತು ವಿಡಿಯೋ ಕಳಿಸಿಯೂ ಬಿಟ್ಟೆ. ಆಮೇಲೆ ನೋಡುತ್ತೇನೆ, ಇಡೀ ದಡದಲ್ಲಿ ಕೂಗುತ್ತಿದ್ದವಳು ನಾನೊಬ್ಬಳೇ.

"ಎಂಟು," ಎಂದರು ಅತ್ತೆ. ಎರಡನೆಯ ದೋಣಿ ಹತ್ತಿರವಾಯಿತು. "ಹತ್ತು," ಎಂದರು. ಎದೆಯ ಮೇಲೆ ಕೈಯಿಟ್ಟುಕೊಂಡು, "ಒಟ್ಟು ಹದಿನೆಂಟು. ದೇವರು ದೊಡ್ಡವನು," ಎಂದರು.

ಹಿಂದೆ ಬಂದ ದೋಣಿಯಲ್ಲಿ, ನಹೋದಾ ಅವರ ಅಂಗಿ ಹೊದ್ದು, ತೊಪ್ಪೆಯಾಗಿ ನೆನೆದು ಅತುಮಾನಿ ಕೂತಿದ್ದ.

ಹಲಗೆಯ ಆಳು ಬೀಳುವುದು ಹೊಸದಲ್ಲ, ಅವರೆಲ್ಲ ಮೀನಿನ ಹಾಗೆ ಈಜುತ್ತಾರೆ ಎಂದು ನೀವು ನನಗೆ ಸಮಾಧಾನ ಹೇಳಿದಿರಿ. ಬಿದ್ದವನನ್ನು ಅವನ ದೋಣಿಯೇ ತಿರುಗಿ ಬಂದು ಎತ್ತಿಕೊಳ್ಳುತ್ತದೆ ಎಂದೂ ಹೇಳಿದಿರಿ. ಈ ಸಲ ಅವನ ದೋಣಿ ತಿರುಗಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಈ ಊರಿನಲ್ಲಿ ಒಬ್ಬರೂ ನನ್ನ ಗಂಡನನ್ನು ಕೇಳಲಿಲ್ಲ. ನಾನೂ ಕೇಳಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಯಾರೂ ಒಂದು ಶಿಲ್ಲಿಂಗ್ ಕಟ್ಟಿರಲಿಲ್ಲ, ನಿಜ. ಆದರೆ ಬಾಜಿ ಕಟ್ಟಿಯಾಗಿತ್ತು. ಕಟ್ಟಿದವಳು ನಾನು. ಕಟ್ಟಿದ್ದು ನನ್ನ ಮಗುವನ್ನು.

ಎಲ್ಲರೂ ದಡ ಹತ್ತಿದರು. ಶೆಕೂವೆ ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟ. ನನ್ನತ್ತ ನೋಡಲಿಲ್ಲ. "ನಹೋದಾ ಶೀ ಕೊಂಬೋ ಗೆದ್ದರು," ಎಂದ. ನಹೋದಾ ನೀರಿಗಿಳಿದು ಅವನ ಕೈಹಿಡಿದರು. "ಇವತ್ತು ಹಾಯಿ ಚೆನ್ನಾಗಿ ಕಟ್ಟಿದ್ದೀಯ ಕಣೋ," ಎಂದರು. ಬೇರೆ ಒಂದು ಮಾತೂ ಇಲ್ಲ. ಅವರು ಗೆದ್ದವರು, ಏನು ಬೇಕಾದರೂ ಹೇಳಬಹುದಿತ್ತು!

ಸಂಜೆ ಕಾರಿಯುಕಿಯ ಫೋನು. "ವಿಡಿಯೋ ಕನ್ನಡಿ ಹಾಗಿದೆ ಎಷಾ. ನಿನ್ನ ಲೆಕ್ಕ ಕರೆಕ್ಟು. ಅಲ್ಲೇ ಇರು, ಶುರು ಮಾಡೋಣ."

ಒಂದು ಹೂಂ ಅಂದರೆ ಸಾಕಿತ್ತು. ಒಳಗೆ ಶೆಕೂವೆ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಗೋಡೆ ನೋಡುತ್ತಿದ್ದ. ನಾನು ಹೇಳಿದೆ: "ಫಲಿತಾಂಶ ತಪ್ಪು."

"ನೀನೇ ಕಳಿಸಿದ್ದೀಯಲ್ಲಮ್ಮ! ಕಣ್ಣಾರೆ ನೋಡ್ತಿದ್ದೀನಿ!"

"ಅದು ಮೊದಲು ಬಂದ ದೋಣಿ. ಗೆದ್ದ ದೋಣಿ ಅದಲ್ಲ."

ಮೇಷ್ಟ್ರೇ, ಕಾಗದದಲ್ಲಿ ಏನು ಬರೆದೆ ಎಂದು ಕೇಳಿದ್ದಿರಿ. ವರದಿ ಒಂದೇ ಸಾಲು: ಇಲ್ಲಿಯ ಜನ ದೋಣಿಯ ಮೂತಿ ನೋಡುವುದಿಲ್ಲ, ತಲೆ ಎಣಿಸುತ್ತಾರೆ, ಇದಕ್ಕೆ ದರ ಹಾಕಲು ನನಗೆ ಬರುವುದಿಲ್ಲ. ಒಂದನೇ ತಾರೀಖಿಗೆ ಕೆಲಸಕ್ಕೆ ಹಾಜರಾಗು ಎಂದು ಉತ್ತರ ಬಂದಿದೆ. ಗುರುವಾರ ಹೊರಡುತ್ತೇವೆ, ಮಗು ಮತ್ತು ನಾನು.

ಹಾಗಾಗಿ ನಾನೀಗ ವೇದಿಕೆಯಿಂದ ಇಳಿಯುತ್ತಿದ್ದೇನೆ. ಚಪ್ಪಲಿ ಬಿಟ್ಟಿದ್ದೇನೆ. ಇಲ್ಲಿ ನೀರಿಲ್ಲ, ಸಿಮೆಂಟಿನ ನೆಲ, ಆದರೂ ನಡೆಯುತ್ತದೆ ಎಂದುಕೊಳ್ಳುತ್ತೇನೆ. ಸೋತವಳು ನಾನು. ಗೆದ್ದವರ ಹೆಸರು ನಹೋದಾ ಶೀ ಕೊಂಬೋ. ನಹೋದಾ, ಪದ್ಧತಿಯಂತೆ ನೀವು ನನ್ನನ್ನು ದಡಕ್ಕೆ ಹತ್ತಿಸಿಕೊಳ್ಳಬೇಕು. ಊರ ಸೊಸೆಯ ಕೈ ಹಿಡಿಯುವುದು ಬೇಡ, ನಿಮ್ಮ ಊರುಗೋಲಿನ ತುದಿ ಚಾಚಿದರೆ ಸಾಕು. ಹಾಂ. ಹಿಡಿದುಕೊಂಡೆ.

ಬಾಗಿಲಿಗೆ ಒರಗಿ ನಿಂತಿರುವ ಶೆಕೂವೆ, ಗುರುವಾರ ನಮ್ಮನ್ನು ಲಾಮುವಿಗೆ ಬಿಡುವವನು ನೀನೇ. ಈ ಸಲ ನಾನು ಕಣ್ಣು ಮುಚ್ಚುವುದಿಲ್ಲ, ದಾರಿಯುದ್ದಕ್ಕೂ ಗಾಳಿ ನೋಡುತ್ತ ಬರುತ್ತೇನೆ. ಹೋಗುವಾಗ ದೋಣಿಯಲ್ಲಿ ಮೂರು ತಲೆ, ಬರುವಾಗ ಒಂದು. ಅತ್ತೆ, ನೀವು ದಡದಲ್ಲಿ ನಿಂತೇ ಇರುತ್ತೀರಿ, ನನಗೆ ಗೊತ್ತು. ಎಣಿಸುವಾಗ ಮೂರು ಎಂದೇ ಎಣಿಸಿ. ಎರಡು ತಲೆ ದ್ವೀಪದ ಹಿಂದಿವೆ, ಅಷ್ಟೇ.

ಕರೆದವರಿಗೂ, ಕೇಳಿದವರಿಗೂ, ಮಗುವನ್ನು ಎಬ್ಬಿಸದೆ ಇದ್ದವರಿಗೂ ನಾನು ಋಣಿ. ಚಪ್ಪಾಳೆ ಬೇಡ, ಅದಿನ್ನೂ ಮಲಗಿದೆ. ನಮಸ್ಕಾರ.