ಹೆಗಲಿಗೆ ಹಾಕುವ ಮಿಷನ್

ಸ್ಪ್ರೇಯರ್ ರಿಪೇರಿಗೆ ಕೊಟ್ಟು ಆಲ್ದೂರಿನ ಅಂಗಡಿಯಲ್ಲಿ ಕಾಯುತ್ತಿದ್ದ ನಾಗೇಶನ ಪಕ್ಕದಲ್ಲೇ ಗಂಡ ಹೆಂಡತಿ ಇಬ್ಬರು ಕಳೆ ಹೊಡೆಯುವ ಮಿಷನ್ ನೋಡುತ್ತಿದ್ದರು.

“ದೊಡ್ಡದೇ ಇರಲಿ ಲೀಲಾ,” ಎಂದ ಗಂಡ.

“ಭಾರ ಕಣ್ರೀ ಅದು.”

“ಹೊರೋನು ಕೆಂಚಯ್ಯ ಅಲ್ವಾ?”

“ಅವನು ಕೆಲಸ ಬಿಟ್ಟು ಒಂದು ಮಳೆಗಾಲ ಆಯ್ತು. ಕತ್ತಿ ಹಿಡಿದು ಹಿಡಿದು ನಂಗೆ ಸಾಕಾಗಿದೆ.”

“ನೀನು ತೋಟಕ್ಕೆ ಬರೀ ನೋಡ್ಕೊಂಡು ಬರಕ್ಕೆ ಹೋಗ್ತೀಯ ಅಂದ್ಕೊಂಡಿದ್ದೆ.”

“ನೀವು ಸೊಂಟ ಹಿಡಿದು ಮಲಗಿದ್ರಲ್ಲ, ಏನಂತ ಹೇಳ್ಲಿ?”

ನಾಗೇಶ ಮುಖ ಆಚೆ ತಿರುಗಿಸಿದ. ಆಮೇಲೆ ಗಂಡ ಸಣ್ಣ ಮಿಷನ್ನಿನ ಬೆಲ್ಟನ್ನು ಲೀಲಾಳ ಹೆಗಲಿಗೆ ಹಾಕಿ ನೋಡಿ, “ಇದನ್ನ ಇನ್ನೂ ಸ್ವಲ್ಪ ಗಿಡ್ಡ ಮಾಡಿಕೊಡಿ,” ಎಂದು ಅಂಗಡಿಯವನಿಗೆ ಹೇಳಿದ.

ದುಡ್ಡು ಕೊಟ್ಟು, ಇಬ್ಬರೂ ಮಿಷನ್ನಿನ ಒಂದೊಂದು ತುದಿ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಿಧಾನವಾಗಿ ನಡೆದರು.